ಮೂರು ಕೊಳವೆಯ ಓವರ್‌ಫ್ಲೋ ಬಾಕ್ಸ್: ಪೆಟ್ಟಿಗೆಗೆ ಒಳ್ಳೆಯ ಅಂಕ, ವಾಲ್ವಿಗೆ ಇಲ್ಲ

ಓವರ್‌ಫ್ಲೋ ಬಾಕ್ಸ್ ಎಂದರೆ ಮೀನಿನ ಟ್ಯಾಂಕಿನ ಮೇಲ್ಮೈ ನೀರನ್ನು ಸಂಪಿಗೆ, ಅಂದರೆ ಪಂಪ್ ಇರುವ ಕೆಳಗಿನ ತೊಟ್ಟಿಗೆ, ಇಳಿಸುವ ಪೆಟ್ಟಿಗೆ; ಪಂಪ್ ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಈ ಕಿಟ್‌ನಲ್ಲಿ ಇರುವುದು ಇಷ್ಟು: ಟ್ಯಾಂಕಿನ ಹಿಂಬದಿ ಗಾಜು ಕೊರೆದು ಕೂರಿಸುವ ಕಪ್ಪು ಅಕ್ರಿಲಿಕ್ ಪೆಟ್ಟಿಗೆ, ಒಳಬದಿಗೆ ನೀರು ಹರಿದು ಬರುವ 30 ಸೆಂ.ಮೀ. ಉದ್ದದ ಹಲ್ಲುಬಾಚಣಿಗೆ, ಪೈಪ್ ಕೂರಿಸಲು 32 ಮಿ.ಮೀ.ನ ಮೂರು ಟ್ಯಾಂಕ್ ನಿಪ್ಪಲ್, ಒಂದು ಬಾಲ್ ವಾಲ್ವ್. ಪರೀಕ್ಷಿಸಿದ್ದು 120×45×45 ಸೆಂ.ಮೀ.ನ ಉಪ್ಪುನೀರಿನ ಟ್ಯಾಂಕಿನಲ್ಲಿ, ಡಬ್ಬದ ಮೇಲೆ ಗಂಟೆಗೆ 4000 ಲೀಟರ್ ಎಂದು ಬರೆದ 24 ವೋಲ್ಟಿನ ಡಿಸಿ ಪಂಪಿನ ಜೊತೆ.

ಪೆಟ್ಟಿಗೆಯ ಬಗ್ಗೆ ತಕರಾರಿಲ್ಲ. ಗಂಟೆಗೆ 1500 ಲೀಟರ್ ಹರಿವಿಗೆ 30 ಸೆಂ.ಮೀ. ಬಾಚಣಿಗೆ ಧಾರಾಳ ಸಾಕು, ಮೇಲ್ಮೈಯ ಎಣ್ಣೆಪೊರೆ ಚೆನ್ನಾಗಿ ಎಳೆದುಕೊಳ್ಳುತ್ತದೆ. ಇನ್ನೊಂದು ಅನುಕೂಲ ನಮ್ಮ ಕಾಸರಗೋಡಿನವರಿಗೇ ಸಿಗುವಂಥದ್ದು. ನಿಪ್ಪಲ್ ಮೆಟ್ರಿಕ್ ಅಳತೆಯದ್ದು. ಮನೆಯ ಪ್ಲಂಬಿಂಗಿಗೆ ಬಳಸುವ ಒಂದಿಂಚಿನ ಯುಪಿವಿಸಿ ಪೈಪಿನ ಹೊರ ಅಳತೆ 33.4 ಮಿ.ಮೀ., ಇದರೊಳಗೆ ಇಳಿಯುವುದೇ ಇಲ್ಲ. ಅಡಿಕೆ ತೋಟಕ್ಕೆ ನೀರು ಬಿಡುವ 32 ಮಿ.ಮೀ. ಪಿವಿಸಿ ಪೈಪ್ ಸರಿಯಾಗಿ ಕೂರುತ್ತದೆ. ಬದಿಯಡ್ಕದಲ್ಲೋ ಕುಂಬಳೆಯಲ್ಲೋ ತೋಟದ ಸಾಮಾನಿನ ಅಂಗಡಿಗೆ ಹೋದರೆ ಪೈಪು, ಎಲ್ಬೋ ಎಲ್ಲ ಮುಗಿಯಿತು.

ಇನ್ನು ಮುಖ್ಯ ವಿಷಯ. ಪಂಪ್ ಮೇಲೆ ತಳ್ಳುವಷ್ಟೇ ನೀರು ಕೆಳಗಿಳಿಯುವಂತೆ ವಾಲ್ವ್ ತಿರುಗಿಸಿ ಕೂರಿಸಬೇಕು ಎಂದು ಹೆಚ್ಚಿನವರು ಹೊರಡುತ್ತಾರೆ. ಒಂದೇ ಸೈಫನ್ ಕೊಳವೆಯಲ್ಲಿ (ಗಾಳಿಯಿಲ್ಲದೆ ಪೂರ್ತಿ ನೀರು ತುಂಬಿ ಎಳೆಯುವ ಕೊಳವೆ) ಅದು ಬಾಳುವುದಿಲ್ಲ. ಪೆಟ್ಟಿಗೆಯಿಂದ ಸಂಪಿನ ನೀರಿನ ಮಟ್ಟಕ್ಕೆ 70 ಸೆಂ.ಮೀ. ಇಳಿತ ಇದ್ದರೆ, ಪೆಟ್ಟಿಗೆಯಲ್ಲಿ ನೀರು 5 ಸೆಂ.ಮೀ. ಏರಿದಾಗ ಸೈಫನ್ ಹೆಚ್ಚು ಎಳೆಯುವುದು ನೂರಕ್ಕೆ ಮೂರೂವರೆ ಪಾಲು ಮಾತ್ರ. ಪಂಪಿನ ಹರಿವು ಅದಕ್ಕಿಂತ ಹೆಚ್ಚು ಆಚೀಚೆ ಆಗುತ್ತದೆ: ಇಂಪೆಲರಿಗೆ (ಪಂಪಿನೊಳಗೆ ತಿರುಗುವ ಚಕ್ರ) ಸುಣ್ಣ ಕಟ್ಟುತ್ತದೆ, ಜಾಲರಿಗೆ ಪಾಚಿ ಹಿಡಿಯುತ್ತದೆ, ನೀರು ಆವಿಯಾಗಿ ಪಂಪಿನ ಕೋಣೆಯ ಮಟ್ಟ ಇಳಿಯುತ್ತದೆ. ಹರಿವು ಇಳಿದರೆ ಸೈಫನ್ ಗಾಳಿ ಎಳೆದು ಗೊರಗೊರ ಸದ್ದು ಮಾಡುತ್ತದೆ, ಏರಿದರೆ ಪೆಟ್ಟಿಗೆ ತುಂಬುತ್ತಾ ಹೋಗುತ್ತದೆ.

ಬೀನ್ ಅನಿಮಲ್ ಎಂದು ಹವ್ಯಾಸಿಗಳು ಕರೆಯುವ ಈ ಮೂರು ಕೊಳವೆಯ ಏರ್ಪಾಟು ಅದನ್ನು ಬಗೆಹರಿಸುವುದು ಏತಡ್ಕದ ಹೊಳೆಗೆ ಹಾಕುವ ಕಟ್ಟದ (ತಾತ್ಕಾಲಿಕ ಒಡ್ಡು) ರೀತಿಯಲ್ಲಿ: ಮಟ್ಟ ನಿಂತಿರುತ್ತದೆ, ಹೆಚ್ಚಾದದ್ದು ಮೇಲಿಂದ ಹರಿಯುತ್ತದೆ. ಮೊದಲ ಕೊಳವೆ ಪೂರ್ತಿ ನೀರು ತುಂಬಿದ ಸೈಫನ್. ಅದನ್ನು ಪಂಪಿಗಿಂತ ತುಸು ಕಡಿಮೆ ಎಳೆಯುವಂತೆ ಬಿಗಿ ಮಾಡಬೇಕು. ಉಳಿದ ತೆಳು ನೀರು ಎರಡನೆಯ ತೆರೆದ ಕೊಳವೆಯ ಗೋಡೆ ಹಿಡಿದು ಸದ್ದಿಲ್ಲದೆ ಇಳಿಯುತ್ತದೆ. ಮೂರನೆಯದ್ದು ಮೊದಲೆರಡು ಕಟ್ಟಿಕೊಂಡರೆ ಮಾತ್ರ ಬಳಕೆಗೆ. ಅದರ ಬಾಯಿ ಎರಡನೆಯದ್ದಕ್ಕಿಂತ 2 ಸೆಂ.ಮೀ. ಮೇಲೆ, ಉಳಿದಾಗ ಅದು ಒಣಗಿರಬೇಕು, ಅದಕ್ಕೆ ವಾಲ್ವ್ ಹಾಕಲೇಬಾರದು.

ಕಿಟ್ ಸೋಲುವುದು ವಾಲ್ವಿನಲ್ಲಿ. ಬಾಲ್ ವಾಲ್ವ್ ಕಾಲು ಸುತ್ತಿನಲ್ಲಿ ಪೂರ್ತಿ ಮುಚ್ಚುತ್ತದೆ, ಕೂದಲೆಳೆಯಷ್ಟು ಜರುಗಿಸಿದರೂ ಹರಿವು ಜಿಗಿಯುತ್ತದೆ, ಉಪ್ಪು ಕಟ್ಟಿದ ಮೇಲೆ ಹಿಡಿ ಅಲ್ಲಾಡುವುದೂ ಇಲ್ಲ. ಹಲವು ಸುತ್ತು ತಿರುಗಿಸಿ ನಿಧಾನಕ್ಕೆ ಮುಚ್ಚುವ ಪ್ಲಾಸ್ಟಿಕ್ ಗೇಟ್ ವಾಲ್ವ್ ಬೇರೆಯೇ ತರಿಸಿ, ಯೂನಿಯನ್ (ಬಿಚ್ಚಬಹುದಾದ ಜೋಡಣೆ) ಹಾಕಿ ಜೋಡಿಸಿ. ಹಿತ್ತಾಳೆಯದ್ದು ಸುಲಭವಾಗಿ ಸಿಗುತ್ತದೆ ಎಂದು ಕೊಳ್ಳಬೇಡಿ. ಅದರಲ್ಲಿರುವ ತಾಮ್ರ ನೀರಿಗೆ ಬಿಟ್ಟುಕೊಂಡರೆ ಹವಳ, ಸಿಗಡಿ, ಬಸವನಹುಳು ಉಳಿಯುವುದಿಲ್ಲ.

ಹೊಂದಿಸುವ ಕ್ರಮ ಹೀಗೆ. ಮೊದಲು ಪಂಪಿನ ನಿಜವಾದ ಹರಿವು ಅಳೆಯಿರಿ: ರಿಟರ್ನ್ ಬಾಯಿಗೆ (ಪಂಪಿನ ನೀರು ಟ್ಯಾಂಕಿಗೆ ಬೀಳುವ ಕಡೆ) 10 ಲೀಟರ್ ಬಕೆಟ್ ಹಿಡಿದು, 36000ವನ್ನು ತುಂಬಲು ಹಿಡಿದ ಸೆಕೆಂಡಿನಿಂದ ಭಾಗಿಸಿದರೆ ಗಂಟೆಯ ಲೀಟರ್ ಸಿಗುತ್ತದೆ. 24 ಸೆಕೆಂಡ್ ಆದರೆ 1500, ಈ ಟ್ಯಾಂಕಿಗೆ ಅಷ್ಟು ಸಾಕು. ಡಬ್ಬದ ಮೇಲಿನ 4000 ನೀರನ್ನು ಎತ್ತರಕ್ಕೆ ತಳ್ಳಬೇಕಿಲ್ಲದಾಗಿನ ಲೆಕ್ಕ. ಅನಂತರ ಗೇಟ್ ವಾಲ್ವ್ ಪೂರ್ತಿ ತೆರೆದು ಪಂಪ್ ಹಾಕಿ, ಕಾಲು ಸುತ್ತಿನಂತೆ ಮುಚ್ಚುತ್ತಾ ಬನ್ನಿ. ಪ್ರತಿ ಸಲವೂ ಐದು ನಿಮಿಷ ಕಾಯಬೇಕು, ಅವಸರ ಮಾಡಿದರೆ ಮಟ್ಟ ನಿಲ್ಲುವ ಮೊದಲೇ ದಾಟಿಬಿಡುತ್ತೀರಿ. ಎರಡನೆಯ ಕೊಳವೆಗೆ ತೆಳು ಧಾರೆ ಬಿದ್ದು ಸದ್ದು ನಿಂತಲ್ಲಿ ಕೈ ಬಿಡಿ. ಸೈಫನ್ ಕೊಳವೆಯ ತುದಿ ಸಂಪಿನ ನೀರಿನೊಳಗೆ 2-3 ಸೆಂ.ಮೀ. ಮಾತ್ರ ಇರಲಿ. ಆಳಕ್ಕೆ ಇಳಿಸಿದರೆ ಒಳಗಿನ ಗಾಳಿ ಹೊರಬರಲಾರದೆ ಸೈಫನ್ ಹಿಡಿಯುವುದೇ ಇಲ್ಲ.

ಇಲ್ಲಿ ನಿಜವಾದ ಪರೀಕ್ಷೆ ಮಳೆಗಾಲದ್ದು. ಮರ ಬಿದ್ದು ಲೈನ್ ಹೋದ ದಿನ ಕರೆಂಟು ಎಷ್ಟು ಸಲ ಹೋಗಿ ಬರುತ್ತದೆ ಎಂದು ಹೇಳಲಾಗದು. ಪಂಪ್ ನಿಂತಾಗ ಈ ಟ್ಯಾಂಕಿನಲ್ಲಿ ಮಟ್ಟ ಒಂದು ಸೆಂ.ಮೀ. ಇಳಿದರೆ ಸಂಪಿಗೆ 5.4 ಲೀಟರ್ ಬರುತ್ತದೆ. ರಿಟರ್ನ್ ನಳಿಕೆ 4 ಸೆಂ.ಮೀ. ಮುಳುಗಿದ್ದರೆ 21 ಲೀಟರಿಗೂ ಮೇಲೆ, ಪೈಪಿನ ನೀರು ಬೇರೆ. ಸಂಪಿನಲ್ಲಿ ಅಷ್ಟು ಜಾಗ ಖಾಲಿ ಇರಲೇಬೇಕು. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ನಂಬಿ ಕೂರಬೇಡಿ, ಒಂದು ಬಸವನಹುಳು ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ. ನಳಿಕೆಯಲ್ಲಿ ನೀರಿನ ಮಟ್ಟದ ತುಸು ಕೆಳಗೆ 4 ಮಿ.ಮೀ. ತೂತು ಕೊರೆಯಿರಿ; ಮಟ್ಟ ಅಲ್ಲಿಗೆ ಇಳಿದಾಗ ಗಾಳಿ ಹೊಕ್ಕು ನೀರು ಹಿಂದಕ್ಕೆ ಹೋಗುವುದು ನಿಲ್ಲುತ್ತದೆ. ವಾರಕ್ಕೊಮ್ಮೆ ತೂತಿನ ಪಾಚಿ ತೆಗೆಯಿರಿ.

ಪಂಪಿನ ಸ್ವಿಚ್ಚನ್ನು ಹತ್ತು ಸಲ ಆರಿಸಿ ಹಾಕಿ ನೋಡಿ. ಸೈಫನ್ ಪ್ರತಿ ಸಲವೂ ಒಂದೆರಡು ನಿಮಿಷದೊಳಗೆ ತಾನಾಗಿ ಹಿಡಿಯಬೇಕು. ಡಿಸಿ ಪಂಪ್ ಕರೆಂಟು ಬಂದಾಗ ಹಳೆಯ ವೇಗಕ್ಕೇ ಮರಳುತ್ತದೆಯೇ ಎನ್ನುವುದನ್ನೂ ಆಗಲೇ ನೋಡಿಕೊಳ್ಳಿ. ಪೂರ್ತಿ ವೇಗದಲ್ಲಿ ಶುರುವಾಗುವ ಪಂಪಾದರೆ ಆ ವೇಗದಲ್ಲೂ ಒಂದು ಪರೀಕ್ಷೆ ಬೇಕು. ಕೊನೆಗೆ ಸೈಫನ್ ವಾಲ್ವ್ ಪೂರ್ತಿ ಮುಚ್ಚಿ, ಎರಡನೆಯ ಕೊಳವೆಯ ಬಾಯಿಯನ್ನೂ ಅಂಗೈಯಿಂದ ಒತ್ತಿ ಹಿಡಿಯಿರಿ. ಮೂರನೆಯದ್ದೊಂದೇ ಅಷ್ಟೂ ನೀರನ್ನು ಇಳಿಸಬೇಕು. ಇಳಿಸದಿದ್ದರೆ ಪಂಪಿನ ವೇಗ ತಗ್ಗಿಸಿ.

ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಿನ ಟ್ಯಾಂಕ್ ಇರುವವರು ಇದನ್ನು ಕೊಳ್ಳಬಾರದು, ಡ್ರಿಲ್ ತಾಗಿದ ಕೂಡಲೇ ಇಡೀ ಗಾಜು ಪುಡಿಯಾಗುತ್ತದೆ.