ದಿನವೂ ಒಂದೇ ಹೊತ್ತಿಗೆ ಅಳಿವೆ ದಾಟಿಸುವ ಚಾರಣಕ್ಕೆ ಹೋಗಬೇಡಿ

ಕಡಲತೀರದುದ್ದಕ್ಕೂ ಹಲವು ದಿನ ನಡೆಯುವ ಚಾರಣಕ್ಕೆ ಹಣ ಕಟ್ಟುವ ಮೊದಲು ಆಯೋಜಕರ ವೇಳಾಪಟ್ಟಿಯನ್ನು ಗಮನವಿಟ್ಟು ಓದಿ. ದಾರಿಯಲ್ಲಿ ಸೇತುವೆಯಿಲ್ಲದ ಅಳಿವೆಗಳಿವೆಯೇ? ಅವುಗಳನ್ನು ಕಾಲ್ನಡಿಗೆಯಲ್ಲೇ ದಾಟಬೇಕೇ? ಹಾಗಿದ್ದೂ ಪ್ರತಿದಿನದ ಎದುರು ‘ಬೆಳಿಗ್ಗೆ 7ಕ್ಕೆ ಹೊರಡುವುದು, 10ಕ್ಕೆ ಅಳಿವೆ ದಾಟುವುದು’ ಎಂದು ಒಂದೇ ಹೊತ್ತು ಬರೆದಿದ್ದರೆ ಆ ಹಾಳೆಯನ್ನು ಅಲ್ಲೇ ಇಟ್ಟು ಎದ್ದು ಬನ್ನಿ. ಅದನ್ನು ಬರೆದವರು ಸಮುದ್ರವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಅಂಥದೊಂದು ಹಾಳೆ ಹಿಡಿದು ಹೊರಟ ತಂಡದಲ್ಲಿ ನಾನಿದ್ದೆ. ಆಯೋಜಕರ ಹೆಸರನ್ನಾಗಲಿ ಜಾಗದ ಹೆಸರನ್ನಾಗಲಿ ಬರೆಯುವುದಿಲ್ಲ; ಇಂಥ ವೇಳಾಪಟ್ಟಿ ಯಾವ ಕರಾವಳಿಯಲ್ಲಾದರೂ ಎದುರಾಗಬಹುದು. ನಮ್ಮನ್ನು ನಡೆಸಿದ ಅದೇ ಹಾಳೆ ಹೊಸ ದಿನಾಂಕ ಹೊತ್ತು ಮತ್ತೆ ಹರಿದಾಡುತ್ತಿರುವುದನ್ನು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ದಿನವೂ ಒಂದೇ ಹೊತ್ತು ಏಕೆ ಸಲ್ಲದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಉಬ್ಬರ ಇಳಿತಗಳು ಮುಖ್ಯವಾಗಿ ಚಂದ್ರನನ್ನು ಅನುಸರಿಸುತ್ತವೆ, ಚಂದ್ರನ ಲೆಕ್ಕದ ದಿನ ಸುಮಾರು 24 ಗಂಟೆ 50 ನಿಮಿಷದ್ದು. ಹೆಚ್ಚಿನ ಕರಾವಳಿಗಳಲ್ಲಿ ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುತ್ತದೆ. ಇಂದು ಬೆಳಿಗ್ಗೆ 10ಕ್ಕೆ ನೀರು ತಳ ಮುಟ್ಟಿದರೆ ನಾಳೆ 10.50ರ ಹೊತ್ತಿಗೆ, ನಾಡಿದ್ದು 11.40ರ ಹೊತ್ತಿಗೆ ತಳ ಮುಟ್ಟುತ್ತದೆ. ಈ ಐವತ್ತು ನಿಮಿಷವೂ ಸರಾಸರಿಯೇ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು ಕುಗ್ಗುತ್ತದೆ, ಅಷ್ಟಮಿ ಕಳೆದ ದಿನಗಳಲ್ಲಿ ಒಂದು ಗಂಟೆಯನ್ನೂ ಮೀರಬಹುದು. ಮೆಕ್ಸಿಕೊ ಕೊಲ್ಲಿಯ ಬಹುಭಾಗದಲ್ಲಂತೂ ದಿನಕ್ಕೆ ಒಂದೇ ಉಬ್ಬರ, ಒಂದೇ ಇಳಿತ. ಒಂದು ಕರಾವಳಿಯ ಅನುಭವವನ್ನು ಇನ್ನೊಂದಕ್ಕೆ ಹೊತ್ತೊಯ್ಯುವಂತಿಲ್ಲ.

ನಮ್ಮ ಆಯೋಜಕರು ಮೊದಲ ದಿನದ ಇಳಿತವನ್ನು ಮಾತ್ರ ನೋಡಿ, ಅದೇ ಹೊತ್ತನ್ನು ಉಳಿದ ದಿನಗಳಿಗೂ ನಕಲಿಸಿದ್ದರು. ಹಾಗಾಗಿ ಮೊದಲ ದಿನ ಎಲ್ಲವೂ ಸಲೀಸಾಗಿ ನಡೆಯಿತು. ಪಾದ ಮುಳುಗುವಷ್ಟೇ ನೀರು, ತಣ್ಣನೆಯ ಗಟ್ಟಿ ಮರಳು, ಎಲ್ಲರ ಮುಖದಲ್ಲೂ ನಗು. ಮರುದಿನದ ಅಳಿವೆಯಲ್ಲಿ ಅದೇ ಹೊತ್ತಿಗೆ ನೀರು ತೊಡೆಯವರೆಗೆ ಬಂತು. ‘ಇಳಿಯುತ್ತಿರುವ ನೀರು, ಭಯವಿಲ್ಲ’ ಎಂದರು ಮುಂದಾಳು. ಇಳಿಯುವ ನೀರಿಗೆ ಕಾದರೆ ಅದು ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಕಾಯದೆ ಒಳಗಿಳಿದವರನ್ನು ಅದು ಎಳೆಯುವುದು ಕಡಲಿನ ಕಡೆಗೆ. ನದಿಯ ಹರಿವೂ ಇಳಿತದ ಸೆಳೆತವೂ ಒಂದೇ ದಿಕ್ಕಿಗೆ ಕೂಡಿಕೊಳ್ಳುವ ಹೊತ್ತದು.

ಕೊನೆಯ ದಿನ ಎರಡು ಅಳಿವೆಗಳಿದ್ದವು, ನಡುವೆ ಮೂರು ಗಂಟೆಯ ನಡಿಗೆ. ಹಾಳೆಯ ಪ್ರಕಾರ ಮೊದಲನೆಯದು 10ಕ್ಕೆ, ಎರಡನೆಯದು 1ಕ್ಕೆ. ಮೊದಲನೆಯ ಅಳಿವೆಯಲ್ಲಿ ಹತ್ತು ಗಂಟೆಗೆ ಸೊಂಟದ ಮಟ್ಟದ ನೀರು ರಭಸದಿಂದ ಹೊರಹೋಗುತ್ತಿತ್ತು. ಕಾದೆವು, ಕಾದದ್ದು ಸರಿಯೇ. ಇಳಿತದ ತಳ ಮುಟ್ಟುವ ಹೊತ್ತಿಗೆ, ಹನ್ನೊಂದೂವರೆ ಕಳೆದು ದಾಟಿದೆವು. ಆ ಕ್ಷಣದಲ್ಲೇ ಎರಡನೆಯ ಅಳಿವೆಯ ಲೆಕ್ಕ ಮುರಿದುಬಿದ್ದಿತ್ತು. ಮೂರು ಗಂಟೆ ನಡೆದು ಅಲ್ಲಿಗೆ ತಲುಪುವಾಗ ನೀರು ಏರತೊಡಗಿ ಮೂರು ಗಂಟೆಯಾಗಿರುತ್ತದೆ ಎಂದು ಲೆಕ್ಕ ಹಾಕಲು ಗಡಿಯಾರ ಸಾಕಿತ್ತು. ತಂಡದಲ್ಲಿ ಒಬ್ಬರು ಅದನ್ನು ಹೇಳಿಯೂ ಹೇಳಿದರು. ಆಚೆ ದಡದಲ್ಲಿ ವಾಹನ ಕಾಯುತ್ತಿದೆ, ತಡಮಾಡುವಂತಿಲ್ಲ ಎಂಬ ಉತ್ತರ ಬಂತು.

ನಾವಿಕರು ಬಳಸುವ ಹಳೆಯ ಅಂದಾಜೊಂದಿದೆ. ನೀರು ಏರುವ ಆರು ಗಂಟೆಗಳಲ್ಲಿ ಮೊದಲ ಗಂಟೆ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯ ಗಂಟೆ ಎರಡು ಪಾಲು, ಮೂರನೆಯ ಮತ್ತು ನಾಲ್ಕನೆಯ ಗಂಟೆ ಮೂರು ಮೂರು ಪಾಲು, ಬಳಿಕ ಎರಡು, ಕೊನೆಗೆ ಒಂದು. ನಡುವಿನ ಎರಡೇ ಗಂಟೆಗಳಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ನೀರು ಬರುತ್ತದೆ ಎಂದಾಯಿತು. ಇದು ತೆರೆದ ಕರಾವಳಿಯ ಲೆಕ್ಕ. ಆಳವಿಲ್ಲದ ಅಳಿವೆಗಳಲ್ಲಿ ಏರಿಕೆ ಇನ್ನೂ ಬಿರುಸಾಗಿರುವುದುಂಟು. ನಮ್ಮನ್ನು ನೀರಿಗಿಳಿಸಿದ್ದು ಸರಿಯಾಗಿ ಆ ನಡುವಿನ ಹೊತ್ತಿನಲ್ಲಿ.

ದಡದಿಂದ ನೋಡಿದರೆ ಅಪಾಯವೇನೂ ಕಾಣುತ್ತಿರಲಿಲ್ಲ. ಈಚೆಗೊಂದು ಕಾಲುವೆ, ನಡುವೆ ಅಗಲವಾದ ಮರಳುದಿಣ್ಣೆ, ಅದರಾಚೆ ಇನ್ನೊಂದು ಕಾಲುವೆ. ಈಚಿನ ಕಾಲುವೆಯಲ್ಲಿ ಮೊಣಕಾಲಿನಷ್ಟೇ ನೀರು. ದಿಣ್ಣೆ ಹತ್ತಿ ಆಚಿನ ಕಾಲುವೆಗೆ ಇಳಿದಾಗ ಮುಂದಾಳುವೂ ಮುಂದಿದ್ದ ಕೆಲವರೂ ತೊಡೆಮಟ್ಟದ ನೀರಿನಲ್ಲಿ ದಾಟಿಬಿಟ್ಟರು. ಅವರ ಹಿಂದಿದ್ದ ಮಹಿಳೆ ನಡುನೀರಿಗೆ ಹೋಗುವಷ್ಟರಲ್ಲಿ ಆಳ ಹೆಚ್ಚಿತ್ತು. ಬೆನ್ನುಚೀಲದ ತಳ ನೀರಿಗೆ ತಾಗಿ ತೇಲತೊಡಗಿತು, ಅದರೊಂದಿಗೆ ಆಕೆಯ ಹಿಮ್ಮಡಿಗಳು ಮರಳಿನಿಂದ ಎದ್ದವು. ಪಕ್ಕಕ್ಕೆ ಬಿದ್ದಾಗ ಚೀಲ ತಲೆಯ ಮೇಲೆ ಬಂತು, ಬಿಗಿಯಾಗಿ ಹಾಕಿದ್ದ ಎದೆಪಟ್ಟಿ ಕುತ್ತಿಗೆಗೆ ಸರಿಯಿತು. ನಾನು ಹಿಡಿದು ನಿಲ್ಲಿಸಿ ಆ ಕೊಂಡಿಯನ್ನು ಒತ್ತಿದೆ. ಎರಡೂ ಬದಿಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಬಿಡುವ ಸಣ್ಣ ಪ್ಲಾಸ್ಟಿಕ್ ಕೊಂಡಿ ಅದು. ಚೀಲದ ಭಾರಕ್ಕೆ ಪಟ್ಟಿ ಎಳೆದುಕೊಂಡಿತ್ತು, ನನ್ನ ಬೆರಳುಗಳು ಮರಗಟ್ಟಿದ್ದವು. ಆಕೆ ಬಾಯಿ ಮೇಲೆತ್ತಿ ಉಸಿರಿಗಾಗಿ ಒದ್ದಾಡುತ್ತಿದ್ದರೆ ನಾನು ಆ ತುಂಡು ಪ್ಲಾಸ್ಟಿಕ್ಕಿನೊಂದಿಗೆ ಗುದ್ದಾಡುತ್ತಿದ್ದೆ. ಇನ್ನೊಬ್ಬರು ಹಿಂದಿನಿಂದ ಚೀಲವನ್ನು ಎತ್ತಿಹಿಡಿದ ಮೇಲೆ ಪಟ್ಟಿ ಸಡಿಲಾಯಿತು, ಕೊಂಡಿ ಬಿಟ್ಟುಕೊಂಡಿತು.

ಆಕೆಯನ್ನು ದಿಣ್ಣೆಗೆ ಎಳೆದುಕೊಂಡು ಹಿಂದಿರುಗಿ ನೋಡಿದರೆ ನಾವು ಮೊಣಕಾಲಿನ ನೀರಿನಲ್ಲಿ ದಾಟಿ ಬಂದಿದ್ದ ಈಚಿನ ಕಾಲುವೆ ತೊಡೆ ಮೀರಿ ತುಂಬುತ್ತಿತ್ತು. ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ: ಉಬ್ಬರ ಯಾವಾಗಲೂ ಎದುರಿನಿಂದಲೇ ಬರುವುದಿಲ್ಲ. ತಗ್ಗಿನ ಕಾಲುವೆಗಳಲ್ಲಿ ನುಸುಳಿ ದಿಣ್ಣೆಯ ಹಿಂಬದಿಯನ್ನು ಮೊದಲು ಸುತ್ತುವರಿಯುತ್ತದೆ, ನಿಂತ ಜಾಗ ಒಣಗಿರುವಾಗಲೇ ಹಿಂದಿನ ದಾರಿ ಮುಚ್ಚಿಹೋಗಿರುತ್ತದೆ. ಕೈಕೈ ಬೆಸೆದುಕೊಂಡು ಹೇಗೋ ಈಚೆ ದಡ ಸೇರಿದೆವು.

ಡೇರೆಗಳೆಲ್ಲ ಆಚೆ ದಡಕ್ಕೆ ಹೋಗಿದ್ದವು. ಒಲೆ ಮತ್ತು ಆಹಾರ ಈಚೆ ಉಳಿದಿದ್ದವು. ಮೊಬೈಲಿಗೆ ಸಂಪರ್ಕವಿರಲಿಲ್ಲ. ಮುಂದಿನ ಇಳಿತ ನಡುರಾತ್ರಿ ಕಳೆದ ಮೇಲೆ. ಕತ್ತಲಲ್ಲಿ ಅಳಿವೆಗೆ ಇಳಿಯುವ ಮಾತೇ ಇಲ್ಲ. ಮರುದಿನ ಮಧ್ಯಾಹ್ನದ ಇಳಿತದವರೆಗೆ ಕಾದೆವು. ನಡುಗುತ್ತಿದ್ದ ಆಕೆಯ ಒದ್ದೆ ಬಟ್ಟೆ ಬದಲಿಸಿ, ಎರಡು ಮಲಗುಚೀಲಗಳಲ್ಲಿ ಸುತ್ತಿ, ಸರದಿಯ ಮೇಲೆ ಎಚ್ಚರವಿದ್ದೆವು. ದೇಹ ತಣ್ಣಗಾಗಿ ಮಾತು ತೊದಲತೊಡಗಿದಾಗ ಉಂಟಾಗುವ ಭಯವನ್ನು ನಾನಿನ್ನೂ ಮರೆತಿಲ್ಲ.

ಮರುದಿನ ಮುಂದಾಳು ಹೇಳಿದ್ದು, ‘ಪ್ರಕೃತಿ ನಮ್ಮ ಕೈಯಲ್ಲಿದೆಯೇ?’ ಎಂದು. ನನಗೆ ಅಂದಿನಿಂದ ಇಂದಿನವರೆಗೂ ಅರಗದ ಮಾತು ಅದು. ಗಾಳಿ, ಮಳೆ, ಭೂಕುಸಿತಗಳ ಬಗ್ಗೆ ಹಾಗೆ ಹೇಳಿದ್ದರೆ ಒಪ್ಪುತ್ತಿದ್ದೆ. ಉಬ್ಬರ ಇಳಿತಗಳನ್ನು ವರ್ಷಗಳ ಮೊದಲೇ ಗಂಟೆ ನಿಮಿಷಗಳ ಸಮೇತ ಲೆಕ್ಕ ಹಾಕಿ ಪಟ್ಟಿ ಮಾಡಿ ಇಟ್ಟಿರುತ್ತಾರೆ. ಇಂಗ್ಲೆಂಡಿನ ಮೋರ್ಕಂಬ್ ಕೊಲ್ಲಿಯಲ್ಲಿ 2004ರ ಫೆಬ್ರವರಿ 5ರ ರಾತ್ರಿ ಮರಳಿನಲ್ಲಿ ಚಿಪ್ಪು ಆಯುತ್ತಿದ್ದ ಚೀನೀ ಕಾರ್ಮಿಕರು ಏರುವ ನೀರಿಗೆ ಸಿಕ್ಕಿ ಕನಿಷ್ಠ 21 ಮಂದಿ ಸತ್ತರು. ಅವರನ್ನು ಅಲ್ಲಿ ಕೆಲಸಕ್ಕೆ ಹಚ್ಚಿದ್ದ ಮೇಸ್ತ್ರಿಗೆ 2006ರಲ್ಲಿ ನರಹತ್ಯೆಯ ಅಪರಾಧಕ್ಕೆ ಜೈಲು ಶಿಕ್ಷೆಯಾಯಿತು. ನ್ಯಾಯಾಲಯ ಅದನ್ನು ಪ್ರಕೃತಿಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಲಿಲ್ಲ.

ಹಾಗೆಂದು ಪಟ್ಟಿಯೊಂದಿದ್ದರೆ ಸಾಕು ಎನ್ನುವಂತಿಲ್ಲ. ಪಟ್ಟಿ ಇರುವುದು ಯಾವುದೋ ಬಂದರಿನದು. ಅಳಿವೆಯೊಳಗಿನ ನೀರು ಇಕ್ಕಟ್ಟಾದ ಬಾಯಿಯಿಂದ ಹೊರಹೋಗಬೇಕಾದ್ದರಿಂದ ಕಡಲು ತಳ ಮುಟ್ಟಿದ ಮೇಲೂ ಅದು ಹರಿಯುತ್ತಲೇ ಇರಬಹುದು. ಬಂದರಿನ ಇಳಿತಕ್ಕೂ ಅಳಿವೆಯ ಇಳಿತಕ್ಕೂ ಗಂಟೆಗಿಂತ ಹೆಚ್ಚು ಅಂತರವಿರುವ ಜಾಗಗಳಿವೆ. ಪಟ್ಟಿಯಲ್ಲಿರುವ ಎತ್ತರ ನಕ್ಷೆಯ ಆಧಾರಮಟ್ಟದಿಂದ ಅಳೆದದ್ದು, ನೀವು ಕಾಲಿಡುವ ಜಾಗದ ಆಳವಲ್ಲ. ವಾತಾವರಣದ ಒತ್ತಡ ಒಂದು ಮಿಲಿಬಾರ್ ಇಳಿದರೆ ಸಮುದ್ರಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ, ದಡದ ಕಡೆಗೆ ಬೀಸುವ ಬಲವಾದ ಗಾಳಿ ಇನ್ನಷ್ಟು ನೀರನ್ನು ತಂದು ಒಟ್ಟುತ್ತದೆ, ಮೇಲಿನ ಬೆಟ್ಟಗಳಲ್ಲಿ ಮಳೆಯಾಗಿದ್ದರೆ ನದಿ ಉಬ್ಬಿರುತ್ತದೆ. ಇವು ಯಾವುವೂ ಪಟ್ಟಿಯಲ್ಲಿರುವುದಿಲ್ಲ. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳಲ್ಲಿ, ಪಟ್ಟಿ ಆ ಒಂದು ಗಂಟೆಯನ್ನು ಸೇರಿಸಿದೆಯೇ ಇಲ್ಲವೇ ಎಂಬುದನ್ನೂ ನೋಡಿಕೊಳ್ಳಬೇಕು.

ಆದ್ದರಿಂದ ಕೇಳಬೇಕಾದದ್ದು ಇಳಿತದ ಹೊತ್ತಿನ ಜೊತೆಗೆ, ಆ ನಿರ್ದಿಷ್ಟ ಅಳಿವೆಯನ್ನು ಇಳಿತಕ್ಕೆ ಎಷ್ಟು ಮೊದಲಿನಿಂದ ಎಷ್ಟು ಬಳಿಕದವರೆಗೆ ದಾಟಬಹುದು ಎಂಬುದನ್ನು. ನ್ಯೂಜಿಲೆಂಡಿನ ಏಬಲ್ ಟಾಸ್ಮನ್ ತೀರದ ಹಾದಿಯಲ್ಲಿರುವ ಅವರೋವಾ ಅಳಿವೆಗೆ ಇಳಿತಕ್ಕೆ ಒಂದೂವರೆ ಗಂಟೆ ಮೊದಲಿನಿಂದ ಎರಡು ಗಂಟೆ ಬಳಿಕದವರೆಗೆ ಎಂದು ಅಲ್ಲಿನ ಸಂರಕ್ಷಣಾ ಇಲಾಖೆಯೇ ತಿಳಿಸುತ್ತದೆ. ಇಂಗ್ಲೆಂಡಿನ ನೈರುತ್ಯ ಕರಾವಳಿ ಹಾದಿಯ ಅರ್ಮ್ ಅಳಿವೆಗೆ ಇಳಿತದ ಆಚೀಚೆ ಒಂದೊಂದು ಗಂಟೆ ಮಾತ್ರ. ಇಂಥ ಅವಧಿಯನ್ನು ಸ್ಥಳೀಯ ಅಧಿಕಾರಿಗಳಿಂದಲೋ ದಿನವೂ ಅಲ್ಲಿ ದೋಣಿ ನಡೆಸುವವರಿಂದಲೋ ತಿಳಿದುಕೊಳ್ಳದೆ ಯಾರನ್ನಾದರೂ ಕರೆದೊಯ್ಯುವುದು ಅಪರಾಧವೆಂದೇ ನಾನು ಹೇಳುತ್ತೇನೆ.

ಸರಿಯಾದ ವೇಳಾಪಟ್ಟಿ ನಡೆಯಬೇಕಾದ ದೂರದಿಂದ ಹುಟ್ಟುವುದಿಲ್ಲ, ನೀರಿನಿಂದ ಹುಟ್ಟುತ್ತದೆ. ಮೊದಲು ಪ್ರತಿದಿನದ ದಾಟುವ ಅವಧಿಗಳನ್ನು ಬರೆದುಕೊಳ್ಳಬೇಕು. ಕತ್ತಲಲ್ಲಿ ಬರುವವನ್ನು ಹೊಡೆದುಹಾಕಬೇಕು. ಉಳಿದವುಗಳ ಸುತ್ತ ನಡಿಗೆಯನ್ನೂ ತಂಗುವ ಜಾಗವನ್ನೂ ಹೊಂದಿಸಬೇಕು. ಒಂದೇ ದಿನ ಎರಡು ಅಳಿವೆಗಳಿದ್ದರೆ ಮೊದಲನೆಯದನ್ನು ಅದರ ಅವಧಿ ತೆರೆಯುತ್ತಿದ್ದಂತೆ ದಾಟಿದರೂ ಎರಡನೆಯದು ಮುಚ್ಚುವ ಮೊದಲು ತಲುಪಬಹುದೇ ಎಂದು ನೋಡಬೇಕು. ಅವಧಿ ಮೂರೂವರೆ ಗಂಟೆಯದಾಗಿ, ಭಾರ ಹೊತ್ತು ಮರಳಿನಲ್ಲಿ ನಡೆಯಲು ಮೂರು ಗಂಟೆ ಬೇಕಾದರೆ ಉಳಿಯುವುದು ಅರ್ಧ ಗಂಟೆ. ಒಬ್ಬರ ಕಾಲು ಉಳುಕಿದರೆ ಅದೂ ಇಲ್ಲ. ಆಗ ನಡುವೆ ಒಂದು ರಾತ್ರಿ ತಂಗುವುದೇ ದಾರಿ. ಹೆಚ್ಚುವರಿ ದಿನವೊಂದನ್ನು ಇಟ್ಟುಕೊಳ್ಳದ ವೇಳಾಪಟ್ಟಿಯಲ್ಲಿ ಕಾಯುವುದಕ್ಕೆ ಅವಕಾಶವೇ ಇರುವುದಿಲ್ಲ, ಆಚೆ ದಡದ ವಾಹನ ಎಲ್ಲರನ್ನೂ ನೀರಿಗೆ ತಳ್ಳುತ್ತದೆ.

ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಗಳಲ್ಲಿ ಇಳಿತ ತುಂಬ ಕೆಳಗೆ ಹೋಗುತ್ತದೆಂದು ಆ ದಿನಾಂಕಗಳನ್ನೇ ಆರಿಸುವವರಿದ್ದಾರೆ. ತಳ ಕೆಳಗೆ ಹೋಗುವುದೇನೋ ಹೌದು, ಆದರೆ ಅಷ್ಟೇ ಹೊತ್ತಿನಲ್ಲಿ ಹೆಚ್ಚು ನೀರು ಒಳಬರಬೇಕಾದ್ದರಿಂದ ಸೆಳೆತವೂ ಬಿರುಸು. ಅಷ್ಟಮಿ ಕಳೆದ ದಿನಗಳಲ್ಲಿ ನೀರು ಮೆಲ್ಲಗೆ ಚಲಿಸುತ್ತದೆ, ಕೆಲವು ಅಳಿವೆಗಳು ಆಗ ದಾಟುವಷ್ಟು ತಗ್ಗುವುದೇ ಇಲ್ಲ. ಬಂಡೆಗಳ ಬುಡದಲ್ಲಿ ಸಾಗುವ ಕಿರಿದಾದ ತೀರಗಳಲ್ಲಿ ಅಲೆಗಳ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದ ಲಾಸ್ಟ್ ಕೋಸ್ಟ್ ಹಾದಿಯಲ್ಲಿ ಉಬ್ಬರದ ಹೊತ್ತಿಗೆ ನಡೆಯಲಾಗದ, ತಲಾ ಆರು ಕಿಲೋಮೀಟರಿಗೂ ಹೆಚ್ಚು ಉದ್ದದ ಎರಡು ಭಾಗಗಳಿವೆ. ದೊಡ್ಡ ಅಲೆಗಳಿರುವ ದಿನ ಇಳಿತದಲ್ಲೂ ಅಂಥ ಕಡೆ ಸುರಕ್ಷಿತವೆನ್ನಲಾಗದು.

ಕೊಂಡಿಯ ವಿಷಯಕ್ಕೆ ಬರುತ್ತೇನೆ. ನೀರಿಗಿಳಿಯುವ ಮೊದಲು ಎದೆಪಟ್ಟಿ ಬಿಚ್ಚಿರಲೇಬೇಕು. ಸೊಂಟಪಟ್ಟಿಯ ಬಗ್ಗೆ ಕಲಿಸುವವರಲ್ಲೇ ಎರಡು ಅಭಿಪ್ರಾಯಗಳಿವೆ: ಚೀಲವನ್ನು ತಕ್ಷಣ ಕಳಚಲು ಅದನ್ನೂ ಬಿಚ್ಚಿ ಎನ್ನುವವರಿದ್ದಾರೆ, ಚೀಲ ತೇಲಿಸುತ್ತದೆ ಎಂದು ಹಾಕಿಕೊಂಡೇ ಇರಲು ಹೇಳುವವರೂ ಇದ್ದಾರೆ. ಯಾವ ಪದ್ಧತಿಯಾದರೂ ಒಣನೆಲದಲ್ಲಿ ಕಣ್ಣು ಮುಚ್ಚಿ ಚೀಲ ಕಳಚುವುದನ್ನು ಅಭ್ಯಾಸ ಮಾಡಿಸದ ಮುಂದಾಳುವಿನ ಹಿಂದೆ ನೀರಿಗೆ ಇಳಿಯಬೇಡಿ. ಶೂ ಕಾಲಲ್ಲೇ ಇರಲಿ. ಡೇರೆ, ಆಹಾರ, ಬೆಚ್ಚನೆಯ ಬಟ್ಟೆ ಒಂದೇ ದಡದಲ್ಲಿ ಸೇರಿಬಿಡದಂತೆ ಹಂಚಿಕೊಳ್ಳಿ.

ಈಗಾಗಲೇ ಹಣ ಕಟ್ಟಿದ್ದರೆ ಪ್ರತಿ ಅಳಿವೆಯ ಹೆಸರು, ಆ ದಿನದ ಇಳಿತದ ಹೊತ್ತು, ದಾಟುವ ಅವಧಿ, ಅವಧಿ ತಪ್ಪಿದರೆ ತಂಗುವ ಜಾಗ, ಈ ನಾಲ್ಕನ್ನೂ ಬರಹದಲ್ಲಿ ಕೇಳಿ. ಕೊಡಲಾರದವರು ನಿಮ್ಮ ಹಣ ಹಿಂತಿರುಗಿಸದಿದ್ದರೂ ಹೋಗಬೇಡಿ. ಹೋಗಿ ದಡದಲ್ಲಿ ನಿಂತ ಮೇಲೆ ಅನುಮಾನ ಬಂದರೂ ತಡವೇನಲ್ಲ. ಅಂದು ಮೂರು ಗಂಟೆಯ ಹೊತ್ತಿಗೆ ನಮ್ಮ ತಂಡದ ಇಬ್ಬರು ನೀರಿಗೆ ಕಾಲಿಡಲು ಒಪ್ಪದೆ ದಡದಲ್ಲೇ ಕುಳಿತುಬಿಟ್ಟಿದ್ದರು, ಮುಂದಾಳು ಗದರಿದರೂ ಏಳಲಿಲ್ಲ. ನಾವು ಒದ್ದೆಯಾಗಿ ಮರಳಿ ಬಂದಾಗ ಒಣಗಿದ್ದ ಮಲಗುಚೀಲಗಳು ಅವರವೇ.