ಹಡಗಿನ ಪಟ್ಟಿ ಬಾಗಿಸಲು ಏನು ಕೊಳ್ಳಬೇಕು: ಇಕ್ಕಳ, ಬಿಸಿ ಕಡ್ಡಿ, ಹೇರ್ ಡ್ರೈಯರ್

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಮಾತು ಮಾದರಿ ಹಡಗು ಕಟ್ಟುವವರ ಮೇಜಿನ ಮೇಲೆ ನಡೆಯುವುದಿಲ್ಲ. ಇಲ್ಲಿ ಕಡಿದು, ಸೀಳಿ, ಒಣಗಿಸಿದ ಮರವನ್ನೇ, ಹಡಗಿನ ಮೈಗೆ ಹೊದಿಸುವ ತೆಳು ಪಟ್ಟಿಗಳಾಗಿ, ಬಗ್ಗಿಸಬೇಕು; ಅದೂ ಹಡಗಿನ ಮೂತಿಯ ಬಳಿ, ಹೆಬ್ಬೆರಳಿನಷ್ಟು ಜಾಗದಲ್ಲಿ. ಈ ಕೆಲಸಕ್ಕೆಂದೇ ಮಾರುವ ಸಾಧನಗಳು ಮುಖ್ಯವಾಗಿ ಎರಡು: ಗೀರು ಹಾಕುವ ಇಕ್ಕಳ ಮತ್ತು ವಿದ್ಯುತ್ತಿನ ಬಿಸಿ ಕಡ್ಡಿ. ಮೂರನೆಯದು ಹಡಗಿಗಾಗಿ ಹುಟ್ಟಿದ್ದೇ ಅಲ್ಲ, ತಲೆಗೂದಲು ಒಣಗಿಸುವ ಹೇರ್ ಡ್ರೈಯರ್. ಮೊದಲನೆಯದು ಬಹುತೇಕರಿಗೆ ಬೇಡ. ಎರಡನೆಯದು ಒಳ್ಳೆಯದೇ, ಆದರೆ ಜೊತೆಗೆ ಬರುವ ಚೀಟಿಯಲ್ಲಿ ಹೇಳಿದಂತೆ ಬಳಸಿದರೆ ಅರ್ಧ ಉಪಯೋಗ ಮಾತ್ರ. ಮೂರನೆಯದು ಉಳಿದೆರಡೂ ಮಾಡಲಾಗದ್ದನ್ನು ಮಾಡುತ್ತದೆ.

ಮೊದಲು ಎದುರಾಳಿಯ ಬಲ ತಿಳಿಯೋಣ. ಎರಡು ಪದರದ ಹೊದಿಕೆಯಿರುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಒಳಪದರಕ್ಕೆ 1.5 ಮಿ.ಮೀ. ದಪ್ಪ, 5 ಮಿ.ಮೀ. ಅಗಲದ ಲೈಮ್ (ನಿಂಬೆಯಲ್ಲ, ಲಿಂಡೆನ್ ಮರ) ಅಥವಾ ಬಾಸ್‌ವುಡ್ ಪಟ್ಟಿ ಇರುತ್ತದೆ, ಹೊರಪದರಕ್ಕೆ 0.5ರಿಂದ 1 ಮಿ.ಮೀ. ದಪ್ಪದ ವಾಲ್‌ನಟ್. ಅಗಲವೂ ಮರವೂ ಒಂದೇ ಆದರೆ ಪಟ್ಟಿಯ ಬಿಗಿತ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 0.6 ಮಿ.ಮೀ. ಪಟ್ಟಿಗಿಂತ 1.5 ಮಿ.ಮೀ. ಪಟ್ಟಿ ಸುಮಾರು 16 ಪಟ್ಟು ಬಿಗಿ. ಅದೇ 1.5×5 ಪಟ್ಟಿಯನ್ನು ಚಪ್ಪಟೆಯಾಗಿ ಬಾಗಿಸುವ ಬದಲು ಅಂಚಿನ ದಿಕ್ಕಿಗೆ, ಅಂದರೆ ಮೇಜಿನ ಮೇಲೆ ಮಲಗಿಸಿ ಪಕ್ಕಕ್ಕೆ, ಬಾಗಿಸಲು ಹೊರಟರೆ ಅದು 11 ಪಟ್ಟು ಹೆಚ್ಚು ಸೆಣಸುತ್ತದೆ. ಇನ್ನೊಂದು ಗುಟ್ಟು: ನೆನೆದು ಬಿಸಿಯಾದ ಮರ ಚೆನ್ನಾಗಿ ಕುಗ್ಗುತ್ತದೆ, ಆದರೆ ಹಿಗ್ಗುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಹಾಗಾಗಿಯೇ ಪಟ್ಟಿ ಮುರಿಯುವಾಗ ಯಾವಾಗಲೂ ಹೊರಮೈಯಿಂದ ಸೀಳು ಬಿಡುತ್ತದೆ. ತಿರುವು ತೀರಾ ಬಿಗಿಯಿದ್ದರೆ ಹೊರಮೈಗೆ ತೆಳು ಹಿತ್ತಾಳೆ ತಗಡಿನ ಪಟ್ಟಿ ಒತ್ತಿ, ಎರಡನ್ನೂ ಒಟ್ಟಿಗೆ ಬಾಗಿಸಿ. ತಗಡು ಹಿಗ್ಗುವುದನ್ನು ತಡೆಯುತ್ತದೆ, ಮರ ಒಳಗಡೆ ಕುಗ್ಗಿಕೊಳ್ಳುತ್ತದೆ.

ಇಕ್ಕಳದ ವಿಷಯ ಬೇಗ ಮುಗಿಯುತ್ತದೆ. ಅದರ ಒಂದು ದವಡೆಯಲ್ಲಿ ಮೊಂಡು ಅಲಗು, ಇನ್ನೊಂದರಲ್ಲಿ ಮೆತ್ತನೆಯ ಒತ್ತು. ಪಟ್ಟಿಯ ಒಳಮೈಗೆ ಎರಡು-ಮೂರು ಮಿ.ಮೀ.ಗೆ ಒಂದರಂತೆ ಗೀರು ಹಾಕುತ್ತಾ ಹೋದರೆ ಪಟ್ಟಿ ತಾನೇ ಬಾಗುತ್ತದೆ. ಗೀರು ಹತ್ತಿರವಾದಷ್ಟೂ ತಿರುವು ಬಿಗಿ. ಬಿಸಿ ಬೇಡ, ನೀರು ಬೇಡ, ಕಾಯಬೇಕಾಗಿಲ್ಲ. ಆದರೆ ಬಾಗುವುದು ಗೀರಿದ್ದಲ್ಲಿ ಮಾತ್ರ, ನಡುವಿನ ತುಂಡುಗಳು ನೆಟ್ಟಗೇ ಉಳಿಯುತ್ತವೆ. ಹೊರಗಿನಿಂದ ನೋಡಿದರೆ ದುಂಡಗಿನ ತಿರುವಲ್ಲ, ಸಣ್ಣ ಸಣ್ಣ ಪಟ್ಟೆಗಳ ಸಾಲು. ಒಳಪದರದ ಲೈಮ್ ಪಟ್ಟಿಗೆ ಇದು ಸರಿ, ಉಪ್ಪುಕಾಗದ ಹೊಡೆದಾಗ ಪಟ್ಟೆಗಳು ಮಾಯವಾಗುತ್ತವೆ, ಮೇಲೆ ಇನ್ನೊಂದು ಪದರ ಬರುತ್ತದೆ. 0.6 ಮಿ.ಮೀ. ವಾಲ್‌ನಟ್‌ಗೆ ಹಚ್ಚಿದಿರೋ, ಗೀರು ಅರ್ಧ ದಪ್ಪ ತಿಂದುಬಿಡುತ್ತದೆ. ಅಂಟು ಹಚ್ಚಿ ಒತ್ತುವಾಗ ಪಟ್ಟಿ ಅಲ್ಲೇ ಲಟಕ್ಕೆನ್ನುತ್ತದೆ. ಒಂದೇ ಪದರದ ಹಡಗು ಕಟ್ಟುವವರಂತೂ ಇದರ ಕಡೆ ನೋಡಲೇಬೇಡಿ.

ಬಿಸಿ ಕಡ್ಡಿ ಎಂದರೆ ಹೆಚ್ಚುಕಡಿಮೆ ಸೋಲ್ಡರಿಂಗ್ ಐರನ್ನೇ, ತುದಿಗೆ ಮಾತ್ರ ದುಂಡು ಮೈಯ ಹಿತ್ತಾಳೆಯ ತಲೆ. ಜೊತೆಗೆ ಬಾಗಿದ ಬೆನ್ನಿನ ಮರದ ಅಚ್ಚು ಕೊಡುತ್ತಾರೆ. ಪಟ್ಟಿಯ ತುದಿಯನ್ನು ಅಚ್ಚಿಗೆ ಸಿಕ್ಕಿಸಿ, ಮೇಲಿನಿಂದ ಕಡ್ಡಿಯನ್ನು ಒತ್ತಿ ಉರುಳಿಸಬೇಕೆಂಬುದು ಸೂಚನೆ. ಹೀಗೆ ಮಾಡಿದರೆ ಸಿಗುವುದು ಅಚ್ಚಿನ ತಿರುವು, ನಿಮ್ಮ ಹಡಗಿನದ್ದಲ್ಲ. ಅದಕ್ಕಿಂತ ಒಳ್ಳೆಯ ದಾರಿ ಎಂದರೆ ಕಡ್ಡಿಯನ್ನು ನಿಲ್ಲಿಸಿ ಮರವನ್ನು ಆಡಿಸುವುದು. ಹಿಡಿಯನ್ನು ಬಟ್ಟೆ ಸುತ್ತಿ ವೈಸ್‌ನಲ್ಲಿ ಹಗುರವಾಗಿ ಬಿಗಿದು, ನೆನೆದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿ ತಲೆಯ ಮೇಲೆ ನಿಧಾನವಾಗಿ ಎಳೆಯುತ್ತಾ ಒತ್ತಿ. ಗಿಟಾರಿನ ಪಕ್ಕದ ಹಲಗೆಯನ್ನು ಬಿಸಿ ಕೊಳವೆಯ ಮೇಲೆ ಬಾಗಿಸುವವರು ಮಾಡುವುದೂ ಇದನ್ನೇ. ಮರ ಯಾವಾಗ ಸೋಲುತ್ತದೆ ಎಂಬುದು ಬೆರಳಿಗೆ ಗೊತ್ತಾಗುತ್ತದೆ: ಬಿಗಿಯಾಗಿದ್ದ ಪಟ್ಟಿ ಒಮ್ಮೆಲೇ ಮೆತ್ತಗಾಗುತ್ತದೆ. ಅದಕ್ಕಿಂತ ಮೊದಲು ಒತ್ತಿದರೆ ಮುರಿಯುವುದು ಖಂಡಿತ.

ಈ ಸಾಧನದ ದೊಡ್ಡ ಕೊರತೆ, ಸರಳ ಮಾದರಿಗಳಲ್ಲಿ ಬಿಸಿ ಹೆಚ್ಚು-ಕಡಿಮೆ ಮಾಡುವ ಗುಂಡಿ ಇಲ್ಲದಿರುವುದು. ಹಾಗೇ ಬಿಟ್ಟರೆ ತಲೆಯ ಬಿಸಿ 200 ಡಿಗ್ರಿ ದಾಟಬಹುದು, ಆಗ ತಿಳಿಬಣ್ಣದ ಮರ ಕ್ಷಣದಲ್ಲಿ ಕಂದಾಗುತ್ತದೆ. ಪಟ್ಟಿಯಿಂದ ಹಬೆ ಏಳುವವರೆಗೆ ಭಯವಿಲ್ಲ, ಹಬೆ ನಿಂತ ಕೂಡಲೇ ಎತ್ತಿಬಿಡಿ. ತಲೆಯ ಮೇಲೆ ಕಪ್ಪು ಕಟ್ಟಿದ್ದರೆ ಮುಂದಿನ ಪಟ್ಟಿಗೆ ಮೆತ್ತಿಕೊಳ್ಳುತ್ತದೆ, ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿರಿ. ಬಿಸಿ ಹೊಂದಿಸಬಹುದಾದ ಸೋಲ್ಡರಿಂಗ್ ಸ್ಟೇಷನ್ ಈಗಾಗಲೇ ಇದ್ದರೆ ಈ ಕಡ್ಡಿಗೆ ಹಣ ಸುರಿಯಬೇಡಿ. ಅದರ ತುದಿಗೆ ಹಿತ್ತಾಳೆಯ ದುಂಡು ತುಂಡೊಂದನ್ನು ತೂತು ಕೊರೆದು ಸಿಕ್ಕಿಸಿ, ಸಣ್ಣ ಸ್ಕ್ರೂ ಬಿಗಿದರೆ ಆಯಿತು.

ಇವೆರಡೂ ಬಾಗಿಸುವುದು ಚಪ್ಪಟೆ ದಿಕ್ಕಿಗೆ. ಹೊದಿಕೆಯ ನಿಜವಾದ ತೊಂದರೆ ಇರುವುದು ಅಂಚಿನ ದಿಕ್ಕಿನಲ್ಲಿ. ಮೂತಿಯತ್ತ ಹೋಗುವ ಪಟ್ಟಿಯನ್ನು ಸುಮ್ಮನೆ ಸುತ್ತಿದರೆ ಅದು ಮೇಲಕ್ಕೆ ಹತ್ತುತ್ತದೆ, ಬಲವಂತವಾಗಿ ಕೆಳಗೆಳೆದರೆ ಒಂದು ಅಂಚು ಹಡಗಿನ ಒಳಚೌಕಟ್ಟಿನಿಂದ ಎದ್ದು ನಿಲ್ಲುತ್ತದೆ. ಹೇರ್ ಡ್ರೈಯರ್ ಗೆಲ್ಲುವುದು ಇಲ್ಲೇ. ಪಟ್ಟಿಯನ್ನು ಐದು-ಹತ್ತು ನಿಮಿಷ ನೆನೆಸಿ ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ಒಂದು ತುದಿಗೆ ಕ್ಲಾಂಪ್ ಹಾಕಿ, ತಿರುವು ಬರಬೇಕಾದ ಜಾಗದಲ್ಲಿ ಇನ್ನೊಂದು. ಈಗ ಖಾಲಿ ತುದಿಯನ್ನು ಪಕ್ಕಕ್ಕೆ ನಿಧಾನವಾಗಿ ಎಳೆದು ಮೂರನೆಯ ಕ್ಲಾಂಪ್ ಹಾಕಿ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಎಳೆಯಿರಿ, ಬಿಟ್ಟ ಮೇಲೆ ಒಂದಿಷ್ಟು ಹಿಂದಕ್ಕೆ ಬರುತ್ತದೆ. ಎಳೆಯುವಾಗ ಪಟ್ಟಿ ಹಪ್ಪಳದಂತೆ ಮೇಲಕ್ಕೆ ಸೆಟೆಯುತ್ತದೆ. ಮಧ್ಯದ ಕ್ಲಾಂಪಿನ ಕೆಳಗೆ ಅಗಲವಾದ ಮರದ ತುಂಡಿಟ್ಟು ಒತ್ತಿದರೆ ಸೆಟೆಯದು. ನಂತರ ಒಂದೆರಡು ನಿಮಿಷ ಬಿಸಿ ಗಾಳಿ ಕೊಟ್ಟು, ಕೈಗೆ ಪೂರ್ತಿ ತಣ್ಣಗೆನ್ನಿಸುವವರೆಗೆ ಬಿಡಿ. ಬಿಸಿಯಿರುವಾಗಲೇ ಬಿಚ್ಚುವುದು ಎಲ್ಲರೂ ಮಾಡುವ ತಪ್ಪು. ಬಣ್ಣ ಸುಡುವ ಹೀಟ್ ಗನ್ ಬೇಡ, ಅದು ಪಟ್ಟಿಯ ಅಂಚನ್ನು ಸುಟ್ಟುಹಾಕುತ್ತದೆ.

ಪಟ್ಟಿಯನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡುವ ಪದ್ಧತಿಯೊಂದಿದೆ. ಇಷ್ಟು ತೆಳು ಮರಕ್ಕೆ ಅದು ದಂಡ. ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಮೆತ್ತಗಾಗುವುದು ಬಿಸಿಯಿಂದ; ನೀರು ಆ ಕೆಲಸವನ್ನು ಹಗುರ ಮಾಡುತ್ತದೆ, ಅಷ್ಟೆ. ಅತಿಯಾಗಿ ನೆನೆದ ಪಟ್ಟಿ ಅಗಲದಲ್ಲಿ ಉಬ್ಬಿರುತ್ತದೆ. ಅದನ್ನು ಹಾಗೇ ಅಂಟಿಸಿದರೆ ಒಣಗಿದಾಗ ಕುಗ್ಗಿ ಪಟ್ಟಿ ಪಟ್ಟಿಯ ನಡುವೆ ಬಿರುಕು ಬಿಡುತ್ತದೆ. ಆದ್ದರಿಂದ ಬಾಗಿಸಿ, ಒಣಗಿಸಿ, ಆಮೇಲೆ ಅಂಟಿಸಿ. ಒದ್ದೆ ಮರದ ಮೇಲೆ ಸೂಪರ್ ಗ್ಲೂ ಬಿದ್ದರೆ ಪಟ್ಟಿ ಸರಿಸುವಷ್ಟೂ ಪುರುಸೊತ್ತು ಕೊಡದೆ ಕಚ್ಚಿಕೊಳ್ಳುತ್ತದೆ, ಬಿಳಿ ಕಲೆಯೂ ಉಳಿಯುತ್ತದೆ. ನೀರಿಗೆ ಅಮೋನಿಯ ಬೆರೆಸಿದರೆ ಮರ ಮೇಣವಾಗುತ್ತದೆ ಎನ್ನುವವರಿದ್ದಾರೆ. ಮರವನ್ನು ಮೆತ್ತಗೆ ಮಾಡುವುದು ನೀರಿಲ್ಲದ ಅಮೋನಿಯ. ಮನೆ ತೊಳೆಯುವ ಬಾಟಲಿಯದ್ದು ಮೂಗು ಉರಿಸುತ್ತದೆ, ಟ್ಯಾನಿನ್ ಎಂಬ ಒಗರು ಅಂಶ ಇರುವ ಮರವನ್ನು ಕಪ್ಪಾಗಿಸುತ್ತದೆ, ಹೆಚ್ಚೇನಿಲ್ಲ.

ಯಾವ ಸಾಧನವಾದರೂ ಪಟ್ಟಿಯ ಆಯ್ಕೆ ಮೊದಲು. ನಾರು ಉದ್ದಕ್ಕೆ ಓಡಿರುವ ಪಟ್ಟಿಗಳನ್ನು ಮೂತಿಗೆ ಎತ್ತಿಡಿ. ನಾರು ಓರೆಯಾಗಿ ಅಂಚಿನಿಂದ ಹೊರಹೋಗಿದ್ದರೆ ಅಲ್ಲೇ ಮುರಿಯುತ್ತದೆ, ಅಂಥವನ್ನು ಹಡಗಿನ ನಡುಭಾಗದ ನೇರ ಜಾಗಕ್ಕೆ ಹಾಕಿ. ಪೇರ್, ಬಾಕ್ಸ್‌ವುಡ್ ಎರಡೂ ಹೇಳಿದಂತೆ ಕೇಳುತ್ತವೆ. ಕಿಟ್‌ಗಳ ಒರಟು ನಾರಿನ ವಾಲ್‌ನಟ್ ಅಷ್ಟು ಸಾಧುವಲ್ಲ, ಎರಡು-ಮೂರು ಸುತ್ತು ಬಿಸಿ ಕೇಳುತ್ತದೆ. ಸುಲಭಕ್ಕೆ ಬಗ್ಗದ ಕಪ್ಪು ಮರ ಎಬೊನಿಗೆ ಮಾತ್ರ ಈ ಮೂರರಲ್ಲಿ ಯಾವುದನ್ನೂ ಕೊಳ್ಳಬೇಡಿ. ಕಪ್ಪು ವೇಲ್ (ಹಡಗಿನ ಪಕ್ಕದುದ್ದಕ್ಕೂ ಓಡುವ ದಪ್ಪ ಪಟ್ಟಿ) ಬೇಕಿದ್ದರೆ ಪೇರ್ ಪಟ್ಟಿಯನ್ನು ಬಾಗಿಸಿ, ಒಣಗಿದ ಮೇಲೆ ಕಪ್ಪು ಬಣ್ಣ ಹಚ್ಚಿ.