ಪ್ರೂಫ್ ಸವರನ್ ಕೊಳ್ಳುವವರು ಪ್ರಮಾಣಪತ್ರದ ಎರಡೂ ಸಂಖ್ಯೆಗಳನ್ನು ಓದಿಕೊಳ್ಳಿ

ಬ್ರಿಟನ್ನಿನಲ್ಲಿದ್ದುಕೊಂಡು ಚಿನ್ನದ ನಾಣ್ಯ ಸಂಗ್ರಹಿಸುತ್ತಿರುವ, ಅಥವಾ ಸಂಗ್ರಹಿಸಬೇಕೆಂದಿರುವ ಕನ್ನಡಿಗರ ಗಮನಕ್ಕೆ ಇದನ್ನು ಬರೆಯುತ್ತಿದ್ದೇನೆ. ಪತ್ರಿಕೆಯ ಜಾಹೀರಾತು ನೋಡಿ, ಅಲ್ಲಿನ ಒಂದು ನಾಣ್ಯ ಮಾರಾಟ ಸಂಸ್ಥೆಯಿಂದ ಫೋನ್ ಮೂಲಕ ನಾನು ತರಿಸಿಕೊಂಡ ಪ್ರೂಫ್ ಸವರನ್ (ಸಂಗ್ರಾಹಕರಿಗಾಗಿ ಕನ್ನಡಿ ಹೊಳಪಿನಲ್ಲಿ ಟಂಕಿಸಿದ ಬ್ರಿಟನ್ನಿನ ಚಿನ್ನದ ನಾಣ್ಯ) ಅಸಲಿಯೇ ಆಗಿತ್ತು. 7.98 ಗ್ರಾಂ ತೂಕ, 22 ಕ್ಯಾರೆಟ್ ಚಿನ್ನ, ಹಿಂಬದಿಯಲ್ಲಿ 1817ರಿಂದ ಬಳಕೆಯಲ್ಲಿರುವ ಕೆತ್ತನೆಗಾರ ಪಿಸ್ಟ್ರುಚಿಯ ಸಂತ ಜಾರ್ಜ್ ಚಿತ್ರ, ಎಲ್ಲವೂ ಸರಿಯಾಗಿದ್ದವು. ಅನ್ಯಾಯವಾದದ್ದು ಅದನ್ನು ಮಾರಿದ ರೀತಿಯಲ್ಲಿ.

ಅಪರೂಪದ ನಾಣ್ಯವೆಂದು ಹೇಳಿ, ಅದರಲ್ಲಿದ್ದ ಚಿನ್ನದ ಬೆಲೆಯ ಸುಮಾರು ಎರಡು ಪಟ್ಟು ಹಣ ಪಡೆದರು. ಪೆಟ್ಟಿಗೆಯೊಳಗಿನ ಪ್ರಮಾಣಪತ್ರದಲ್ಲಿ ಎರಡು ಸಂಖ್ಯೆಗಳಿದ್ದವು. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿದ್ದದ್ದು ಆ ಬಗೆಯ ಪೆಟ್ಟಿಗೆಯಲ್ಲಿಟ್ಟು ಮಾರುವ ನಾಣ್ಯಗಳ ಮಿತಿ ಮಾತ್ರ. ಆ ವರ್ಷ ಟಂಕಿಸಬಹುದಾದ ಒಟ್ಟು ನಾಣ್ಯಗಳ ಮಿತಿ ಅದರ ಹಲವು ಪಟ್ಟು ಇತ್ತು. ವೇಲ್ಸ್‌ನ ಲಾಂಟ್ರಿಸೆಂಟ್‌ನಲ್ಲಿರುವ ಬ್ರಿಟನ್ನಿನ ಟಂಕಸಾಲೆ ರಾಯಲ್ ಮಿಂಟ್ ಒಂದೇ ನಾಣ್ಯವನ್ನು ಬಿಡಿಯಾಗಿಯೂ, ಮೂರು ಅಥವಾ ಐದು ನಾಣ್ಯಗಳ ಸೆಟ್‌ಗಳಲ್ಲಿಯೂ ಹೊರತರುವುದರಿಂದ ಈ ಎರಡು ಸಂಖ್ಯೆಗಳ ನಡುವೆ ಇಷ್ಟು ಅಂತರವಿರುತ್ತದೆ. ಫೋನಿನಲ್ಲಿ ಮಾತಾಡಿದವರು ಮಾತ್ರ ಎರಡನೆಯದರ ಸುದ್ದಿಯನ್ನೇ ಎತ್ತಲಿಲ್ಲ.

ಹಿಂದಿರುಗಿಸುತ್ತೇನೆಂದು ಕೂಡಲೇ ತಿಳಿಸಿದೆ. ದೂರದಿಂದ ಕೊಂಡ ವಸ್ತುವನ್ನು ಬೇಡವೆನ್ನಲು ಬ್ರಿಟನ್ನಿನ 2013ರ ಗ್ರಾಹಕ ನಿಯಮಗಳು 14 ದಿನಗಳ ಅವಕಾಶ ಕೊಡುತ್ತವೆಯಾದರೂ, ಮಾರಾಟಗಾರರ ಹತೋಟಿಯಲ್ಲಿಲ್ಲದ ಹಣಕಾಸು ಮಾರುಕಟ್ಟೆಯ ಏರಿಳಿತಕ್ಕೆ ಬೆಲೆ ಬದ್ಧವಾಗಿರುವ ಸರಕುಗಳನ್ನು ಅದರಿಂದ ಹೊರಗಿಟ್ಟಿವೆ. ಸಂಸ್ಥೆ ಈ ವಿನಾಯಿತಿಯನ್ನೇ ಮುಂದಿಟ್ಟು ನಿರಾಕರಿಸಿತು. ಕೊಳ್ಳುವಾಗ ಚಿನ್ನದ ದರಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಸಂಗ್ರಹಯೋಗ್ಯ ವಸ್ತು ಎಂದವರು, ಮರಳಿಸುವಾಗ ಚಿನ್ನದ ದರದ ಮಾತಾಡಿದ್ದನ್ನು ನಾನು ಈಗಲೂ ಒಪ್ಪಲಾರೆ.

ಬಳಿಕ ನಾನು ಆ ನಾಣ್ಯವನ್ನು ತೋರಿಸಿದ ವ್ಯಾಪಾರಿಯೊಬ್ಬರು ಅದರ ಪಾರದರ್ಶಕ ಕವಚವಾದ ಕ್ಯಾಪ್ಸೂಲ್ ತೆರೆಯದೆ, ದೀಪದಡಿ ಓರೆಯಾಗಿ ಹಿಡಿದು, ಚಿತ್ರದ ಸುತ್ತ ಕನ್ನಡಿಯಂತೆ ಹೊಳೆಯುವ ಖಾಲಿ ಭಾಗದಲ್ಲಿ ಕೂದಲೆಳೆಯಂಥ ಗೀರುಗಳಿರುವುದನ್ನು ತೋರಿಸಿದರು. ಯಾರೋ ಮೊದಲೇ ಬಟ್ಟೆಯಿಂದ ಒರೆಸಿದ್ದಿರಬೇಕು. ಬಿಡಿಸಿ ಮಾರಿದ ಸೆಟ್‌ಗಳಿಂದ ಬಂದ ಅದೇ ವರ್ಷದ ನಾಣ್ಯಗಳು ಅವರ ತಟ್ಟೆಯಲ್ಲೇ ಇದ್ದವು. ಅವರು ಹೇಳಿದ ಬೆಲೆ ಚಿನ್ನದ ಮೌಲ್ಯಕ್ಕಿಂತ ತುಸುವೇ ಹೆಚ್ಚಿತ್ತು. ಬ್ರಿಟನ್ನಿನ ನಿವಾಸಿಗಳಿಗೆ ಸವರನ್ ಮಾರಿದ ಲಾಭದ ಮೇಲೆ ಬಂಡವಾಳ ಗಳಿಕೆ ತೆರಿಗೆ ಇಲ್ಲವೆನ್ನುವುದು ನಿಜ, ಆದರೆ ಇಲ್ಲಿ ಲಾಭವೇ ಇರಲಿಲ್ಲ.

ಆದ್ದರಿಂದ ಒಟ್ಟು ಟಂಕಣದ ಮಿತಿ ಎಷ್ಟು, 14 ದಿನಗಳಲ್ಲಿ ಮರಳಿಸಲು ಅವಕಾಶವಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ. ಸವರನ್ನಿನಲ್ಲಿರುವ ಶುದ್ಧ ಚಿನ್ನ 7.32 ಗ್ರಾಂ, ಅಂದಿನ ದರದಿಂದ ಗುಣಿಸಿ, ಅದೇ ನಾಣ್ಯ ಹರಾಜುಗಳಲ್ಲಿ ನಿಜವಾಗಿ ಮಾರಾಟವಾದ ಬೆಲೆಯೊಡನೆ ಹೋಲಿಸಿ ನೋಡಿ. ಭಾರತಕ್ಕೆ ತರುವ ಯೋಚನೆಯಿದ್ದವರು, ಪ್ರಯಾಣಿಕರ ಆಭರಣಕ್ಕಿರುವ ಸುಂಕ ವಿನಾಯಿತಿ ನಾಣ್ಯಕ್ಕೆ ಅನ್ವಯಿಸದೆಂಬುದನ್ನೂ ತಿಳಿದಿರಲಿ. ಈಗಾಗಲೇ ಇಂಥ ನಿರಾಕರಣೆ ಎದುರಿಸಿರುವವರು ಬ್ರಿಟನ್ನಿನ ಉಚಿತ ಸಲಹಾ ಸಂಸ್ಥೆ ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿಗೆ ವಿಷಯ ತಿಳಿಸಬಹುದು. ಅಲ್ಲಿಂದ ಅದು ಗ್ರಾಹಕ ಕಾನೂನು ಜಾರಿ ಮಾಡುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಅಧಿಕಾರಿಗಳಿಗೆ ತಲುಪುತ್ತದೆ.